ಸಹಾಯ ಬೇಕು: ಕಾರವಾರದ ಕ್ಯಾಥೊಲಿಕ್ ಶಾಲೆಯಲ್ಲಿ 6ನೇ ಕ್ಲಾಸಿನ ಪಾಠ
ಎಲ್ಲರಿಗೂ ನಮಸ್ಕಾರ. ಜೂನ್‌ಗೆ ನಾವು ಶಿರಸಿಯಿಂದ ಕಾರವಾರಕ್ಕೆ ಬರುತ್ತಿದ್ದೇವೆ. ಮಗಳನ್ನು ಸಿಸ್ಟರ್‌ಗಳು ನಡೆಸುವ ಶಾಲೆಗೆ 6ನೇ ಕ್ಲಾಸಿಗೆ ಸೇರಿಸುವ ಮನಸ್ಸಿದೆ. ಸಿಲೆಬಸ್ ರಾಜ್ಯದ್ದೇ, ಆದರೆ ಇಂಗ್ಲಿಷ್ ಮಾಧ್ಯಮ. ಅವಳು ಇಲ್ಲಿವರೆಗೆ ಕಲಿತದ್ದೆಲ್ಲ ಕನ್ನಡದಲ್ಲಿ. ಭಿನ್ನರಾಶಿ ಲೆಕ್ಕ ಚಕಚಕನೆ ಮಾಡುತ್ತಾಳೆ, 'ಫ್ರ್ಯಾಕ್ಷನ್' ಅಂದರೆ ಸುಮ್ನೆ ನಿಂತುಬಿಡುತ್ತಾಳೆ. ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಹೀಗೆ ಮಾಧ್ಯಮ ಬದಲಿಸಿದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಮೊದಲ ತಿಂಗಳುಗಳನ್ನು ಹೇಗೆ ನಿಭಾಯಿಸಿದಿರಿ?

2007ರಿಂದ ಕೊಂಕಣಿಯನ್ನೂ ಮೂರನೇ ಭಾಷೆಯಾಗಿ ಕಲಿಯಬಹುದು ಅಲ್ವಾ? ಅವಳ ಅಜ್ಜಿಯ ಮನೆಮಾತು ಕೊಂಕಣಿ, ಅದಕ್ಕೇ ಆಸೆ ಜಾಸ್ತಿ. ಕಾರವಾರದ ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ಕ್ರೈಸ್ತ ಮಕ್ಕಳು ಧರ್ಮೋಪದೇಶದ ಕ್ಲಾಸಿಗೆ ಹೋದಾಗ ಉಳಿದವರಿಗೆ ನೀತಿಪಾಠ ಇರುತ್ತದಂತೆ. ಅದಕ್ಕೆ ಬೇರೆ ಪುಸ್ತಕ ಇದೆಯಾ?

ಇಂಗ್ಲಿಷ್ ಮಾಧ್ಯಮದ ಹಳೆಯ ಗಣಿತ, ವಿಜ್ಞಾನ ಪುಸ್ತಕ ಇದ್ದವರು ದಯವಿಟ್ಟು ಕೊಡಿ, ರಜೆಯಲ್ಲೇ ಶುರು ಮಾಡುತ್ತೇವೆ.