ಮೂರು ಗಾಡಿ ಸಾಕಾ, ಎಂಟು ಬೇಕಾ?

ಬೈಕಂಪಾಡಿ ಶಿಫ್ಟ್: ನಮ್ಮದು ಗೇರುಬೀಜದ ಕಾರ್ಖಾನೆ. ಒಡೆದ ಬೀಜದ ಟ್ರೇ ಬೊರ್ಮಾಕ್ಕೆ, ಅಂದ್ರೆ ಬೀಜ ಒಣಗಿಸುವ ಬಿಸಿ ಗೂಡಿಗೆ, ಅಲ್ಲಿಂದ ಸಿಪ್ಪೆ ತೆಗೆಯುವಲ್ಲಿಗೆ ಹೋಗಬೇಕು. ಗಂಟೆಗೆ 40 ಟ್ರಿಪ್. ಇದಕ್ಕೆ ಡ್ರೈವರ್ ಇಲ್ಲದ ಗಾಡಿ, ಅಂದ್ರೆ ಎಜಿವಿ, ಹಾಕುವ ಆಲೋಚನೆ ಉಂಟು. ಮಾರುವವರು 8 ಬೇಕು ಅಂತಾರೆ, ಧಣಿಗಳು 3 ಸಾಕು ಅಂತಾರೆ. ಯಾರು ಸರಿ?

ಮಣಿಪಾಲ ಮೆಕ್ಯಾನಿಕಲ್: ಒಂದು ಟ್ರಿಪ್ಪಿಗೆ ಎಷ್ಟು ನಿಮಿಷ? ಖಾಲಿ ಬರುವುದನ್ನೂ ಸೇರಿಸಿ ಹೇಳಿ.

ಬೈಕಂಪಾಡಿ ಶಿಫ್ಟ್: ತುಂಬಿ ಹೋಗಲು 3, ಖಾಲಿ ಬರಲು 2.

ಮಣಿಪಾಲ ಮೆಕ್ಯಾನಿಕಲ್: 40 ಟ್ರಿಪ್ಪಿಗೆ 200 ನಿಮಿಷ. ಚಾರ್ಜಿಂಗ್, ಕಾಯುವುದು ಕಳೆದರೆ ಒಂದು ಗಾಡಿ ಗಂಟೆಗೆ 45 ನಿಮಿಷ ದುಡಿಯಬಹುದು. ನಾಲ್ಕೂವರೆ ಹತ್ತಿರ ಬಂತು, 5 ತಗೊಳ್ಳಿ.

ಸುರತ್ಕಲ್ ಸರ್ವಿಸ್: 8 ಮಾತ್ರ ಬೇಡ ಮಾರಾಯ್ರೆ! ನಾನು ನೋಡಿಕೊಳ್ಳುತ್ತಿದ್ದ ಒಂದು ಕಡೆ 6 ಇದ್ದವು. ಕಿರಿದಾದ ದಾರಿಯಲ್ಲಿ ಎರಡು ಎದುರುಬದುರು ನಿಂತವು, ಹಿಂದೆ ಇನ್ನೆರಡು. ಕೊನೆಗೆ ನಾವೇ ಕೈಯಲ್ಲಿ ತಳ್ಳಿದ್ದು. ದಾರಿ ಒನ್‌ವೇ ಮಾಡಿ. ತುಂಡು ತುಂಡು ಮಾಡಿ, ಒಂದು ತುಂಡಿನಲ್ಲಿ ಒಂದೇ ಗಾಡಿ.

ಮಣಿಪಾಲ ಮೆಕ್ಯಾನಿಕಲ್: ಒನ್‌ವೇ ಆದ್ರೆ ಸುತ್ತು ಜಾಸ್ತಿ ಅಲ್ವಾ? ಖಾಲಿ ಓಟವೇ ಬೆಳೆಯುತ್ತದೆ.

ಸುರತ್ಕಲ್ ಸರ್ವಿಸ್: ಬೆಳೆಯಲಿ ಸರ್. ನಿಂತ ಗಾಡಿಗಿಂತ ಸುತ್ತುವ ಗಾಡಿ ಆಗಬಹುದು.

ಕಾಪು ಅಕ್ಕ: ಯಾವ ಕೆಲಸ ಯಾವ ಗಾಡಿಗೆ ಅಂತ ಯಾರೂ ಹೇಳಲಿಲ್ಲ. ಹತ್ತಿರದ ಟ್ರೇ ಮೊದಲು ಅಂತ ನಿಯಮ ಹಾಕಿದ್ರೆ ಮೂಲೆಯ ಬೊರ್ಮಾಕ್ಕೆ ಸರದಿಯೇ ಬರುವುದಿಲ್ಲ. ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ಬಸ್ಸಿನ ಮೇಲೆ ಬಸ್ಸು, ಒಳಗಿನ ಊರಿನವರು ಕಾದದ್ದೇ ಕಾದದ್ದು, ಹಾಗೆ. ಎಷ್ಟು ಹೊತ್ತು ಕಾದಿದೆ ಅಂತಲೂ ನೋಡಬೇಕು. ಮತ್ತೆ ಎಲ್ಲ ಗಾಡಿ ಒಟ್ಟಿಗೆ ಚಾರ್ಜಿಗೆ ಹೋಗಬಾರದು. ಬಿಡುವಾದಾಗ ಐದೈದು ನಿಮಿಷ ಹಾಕಿ.

ಹಳೇ ಫೋರ್‌ಮನ್: ಇದೆಲ್ಲ ಹೊಸತೇನಲ್ಲ. ತಂತಿ ಹಿಡಿದು ಹೋಗುವ ಗಾಡಿಯನ್ನು ಅಮೆರಿಕದ ಬ್ಯಾರೆಟ್ ಕಂಪನಿ 1950ರ ದಶಕದಲ್ಲೇ ತಂದಿತ್ತು. 1974ರಲ್ಲಿ ವೋಲ್ವೋದವರು ಸ್ವೀಡನ್ನಿನ ಕಾಲ್ಮರ್‌ನಲ್ಲಿ ಕಾರನ್ನೇ ಇಂಥ ಗಾಡಿ ಮೇಲಿಟ್ಟು ಜೋಡಿಸಿದರು. ನೀವು ಮೊದಲು ನೆಲ ನೋಡಿ. ಗೇರೆಣ್ಣೆ ಬಿದ್ದಲ್ಲಿ ಚಕ್ರ ಜಾರುತ್ತದೆ, ದಾರಿ ತೋರಿಸುವ ಟೇಪೂ ಏಳುತ್ತದೆ.

ಬೈಕಂಪಾಡಿ ಶಿಫ್ಟ್: ನಿನ್ನೆ ಇಡೀ ಶಿಫ್ಟ್ ನಿಂತು ಎಣಿಸಿದೆ. 40 ಬರುವುದು ಬೆಳಿಗ್ಗೆ ಎಲ್ಲ ಬೊರ್ಮಾ ಒಟ್ಟಿಗೆ ತೆರೆದಾಗ ಮಾತ್ರ. ಸರಾಸರಿ 26.

ಮಣಿಪಾಲ ಮೆಕ್ಯಾನಿಕಲ್: 130 ನಿಮಿಷ. 3 ಗಾಡಿಗೆ ಬಂತಲ್ಲ! ಬೊರ್ಮಾಗಳನ್ನು ಅರ್ಧರ್ಧ ಗಂಟೆ ಹಿಂದೆಮುಂದೆ ತೆರೆಯಲು ಆಗುತ್ತದಾ?

ಬೈಕಂಪಾಡಿ ಶಿಫ್ಟ್: ಆಗುತ್ತದೆ. ಆದ್ರೆ ಧಣಿಗಳು ಹೇಳಿದ್ದೇ ಸರಿ ಅಂತ ನಾನು ಹೋಗಿ ಹೇಳಬೇಕಲ್ಲ!