ವರ್ಷದ ಕೆಲಸದಲ್ಲಿ ಪ್ರಿಯವಾದ ಒಂದೇ ಚಿತ್ರ: ನೀವು ಯಾವುದನ್ನು ಆರಿಸಿದಿರಿ, ಏಕೆ?

ಕೇಳಿದವರು: ಬೆಂಗಳೂರಿನ ಡಿಪ್ಲೊಮಾ ವಿದ್ಯಾರ್ಥಿನಿ

ಛಾಯಾಗ್ರಹಣ ಡಿಪ್ಲೊಮಾದ ಮೊದಲ ವರ್ಷ ಮುಗಿಯುತ್ತಾ ಬಂದಿದೆ. ವರ್ಷವಿಡೀ ಮಾಡಿದ ಕೆಲಸದಲ್ಲಿ ನಮಗೆ ಅತ್ಯಂತ ಪ್ರಿಯವಾದ ಒಂದನ್ನು ಆರಿಸಿ, ಪ್ರದರ್ಶನಕ್ಕೆ ಚೌಕಟ್ಟು ಹಾಕಿಸಿ, ಅದು ಏಕೆ ಪ್ರಿಯ ಎಂಬುದನ್ನು ಎರಡು ಪುಟ ಬರೆದು ಒಪ್ಪಿಸಬೇಕು. ನನ್ನ ಮುಂದೆ ಮೂರು ಚಿತ್ರಗಳಿವೆ. ಮೊದಲನೆಯದು ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರವನ್ನು ಬೆಳಗಿನ ಜಾವ ಮೇಲಂತಸ್ತಿನಿಂದ ತೆಗೆದದ್ದು. ಎಲ್ಲರೂ ಮೆಚ್ಚಿರುವುದು ಇದನ್ನೇ. ಎರಡನೆಯದರಲ್ಲಿ ನನ್ನ ಅಜ್ಜಿ ಕಿಟಕಿಯ ಬೆಳಕಿನಲ್ಲಿ ಕುಳಿತು ಅವರೆಕಾಳು ಹಿತುಕುತ್ತಿದ್ದಾರೆ. ಮುಖ ಸ್ಪಷ್ಟವಾಗಿದೆ, ಕೈ ಮಾತ್ರ ಅಲುಗಿದೆ. ಮೂರನೆಯದು ಹೊಂಗೆಯ ಎಲೆಗಳಿಂದ ಮಾಡಿದ ಸಯನೋಟೈಪ್, ಅಂದರೆ ರಾಸಾಯನಿಕ ಹಚ್ಚಿದ ಕಾಗದದ ಮೇಲೆ ಬಿಸಿಲಿನಿಂದ ಮೂಡಿಸುವ ನೀಲಿ ಚಿತ್ರ; ಮಾಡುವಾಗ ಹೆಚ್ಚು ಸಂತೋಷ ಕೊಟ್ಟದ್ದು ಅದು. ಪ್ರಿಂಟ್, ಚೌಕಟ್ಟು ಎಲ್ಲ ಸೇರಿ 3,000 ರೂಪಾಯಿ ಮೀರುವಂತಿಲ್ಲ. ಇಂಥ ಆಯ್ಕೆ ಮಾಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೈಸೂರಿನ ಹಳೆಯ ವಿದ್ಯಾರ್ಥಿ

ನಾನು ಆರಿಸಿದ್ದು ದೇವರಾಜ ಮಾರುಕಟ್ಟೆಯಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರವನ್ನು, ಆ ಆಯ್ಕೆಯ ಬಗ್ಗೆ ಇಂದಿಗೂ ನನಗೆ ಹೆಮ್ಮೆಯಿದೆ. ಆ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಹೋದವರೆಲ್ಲ ಕುಂಕುಮದ ಗೋಪುರಗಳನ್ನೇ ತೆಗೆಯುತ್ತಾರೆ. ನಮ್ಮ ತರಗತಿಯ ಗೋಡೆಯ ಮೇಲೂ ಅವೇ ಸಾಲಾಗಿ ನಿಂತಿದ್ದವು. ನಾನು ತೆಗೆದದ್ದು ವೀಳ್ಯದೆಲೆಯ ಕಟ್ಟು ಎಣಿಸುವ ವ್ಯಾಪಾರಿಯೊಬ್ಬರ ಹೆಬ್ಬೆರಳನ್ನು. ಎಲೆಯ ಒಗರು ಹತ್ತಿ ಉಗುರಿನ ಅಂಚು ಕಪ್ಪಾಗಿತ್ತು, ಬೆರಳಿನ ಗೆರೆಗಳಲ್ಲಿ ಸುಣ್ಣ ಕುಳಿತಿತ್ತು, ನೀರು ಚಿಮುಕಿಸಿದ ಎಲೆಗಳ ಮೇಲೆ ಮಾಡಿನ ಸಂದಿಯ ಬೆಳಕು ಬಿದ್ದಿತ್ತು.

ಖರ್ಚಿನ ವಿಷಯ ಹೇಳುತ್ತೇನೆ. ಎಚ್‌ಪಿ5 ಎಂಬ ಕಪ್ಪು-ಬಿಳುಪು ರೀಲಿಗೆ 950 ರೂಪಾಯಿ, ಚಿತ್ರ ಮೂಡಿಸುವ ಐಡಿ-11 ಡೆವಲಪರ್ ಪೊಟ್ಟಣಕ್ಕೆ 1,100, ಮೂಡಿದ್ದನ್ನು ನಿಲ್ಲಿಸುವ ಫಿಕ್ಸರಿಗೆ 900, ಆಮದಾದ ಫೈಬರ್ ಕಾಗದದ ಸಣ್ಣ ಪೆಟ್ಟಿಗೆಗೆ 4,200 ಕೊಟ್ಟೆ. ಆ ಪೆಟ್ಟಿಗೆಯ ಅರ್ಧದಷ್ಟು ಕಾಗದ ಟೆಸ್ಟ್ ಸ್ಟ್ರಿಪ್‌ಗಳಿಗೇ, ಅಂದರೆ ಬೆಳಕಿನ ಪ್ರಮಾಣ ಪರೀಕ್ಷಿಸುವ ತುಂಡುಗಳಿಗೇ ಹೋಯಿತು, ಏಕೆಂದರೆ ಎಲೆಯ ಹೊಳಪನ್ನು ಹಿಡಿದರೆ ಉಗುರಿನ ಕಪ್ಪು ಕಟ್ಟಿಕೊಳ್ಳುತ್ತಿತ್ತು, ಉಗುರನ್ನು ಬಿಡಿಸಿದರೆ ಎಲೆ ಬೂದಿಯಾಗುತ್ತಿತ್ತು. ರೀಲು ಡೆವಲಪ್ ಮಾಡಲು ಐಡಿ-11ರ ಒಂದು ಪಾಲು ದ್ರಾವಣಕ್ಕೆ ಒಂದು ಪಾಲು ನೀರು ಬೆರೆಸಿ 20 ಡಿಗ್ರಿಯಲ್ಲಿ 13 ನಿಮಿಷ ಎಂದು ತಯಾರಕರು ಹೇಳುತ್ತಾರೆ. ಏಪ್ರಿಲಿನಲ್ಲಿ ಮೈಸೂರಿನ ನಲ್ಲಿಯ ನೀರು 28 ಡಿಗ್ರಿ ಇರುತ್ತದೆ. ಟ್ಯಾಂಕಿನ ಸುತ್ತ ಮಂಜುಗಡ್ಡೆ ಇಟ್ಟುಕೊಂಡು ಕೆಲಸ ಮಾಡಬೇಕಾಯಿತು, ಅದರ ಖರ್ಚು ಬೇರೆ.

ನಮ್ಮ ಊರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸಾಮಾನ್ಯರ ದಿನದ ಬದುಕಿನಲ್ಲೇ ಎಲ್ಲವೂ ಇದೆ ಎಂಬುದನ್ನು ನಾನು ಅವರ ಚಿತ್ರಗಳಿಂದ ಕಲಿತೆ. ಕೈಯಿಂದ ಪ್ರಿಂಟ್ ತೆಗೆದ ಚಿತ್ರವೇ ಮನಸ್ಸಿಗೆ ಹತ್ತಿರವಾಗುತ್ತದೆ. ಉಳಿದದ್ದು ಗುಂಡಿ ಒತ್ತುವ ಕೆಲಸ.

ಧಾರವಾಡದಿಂದ

ನನ್ನದು ಸಯನೋಟೈಪ್. ಅದನ್ನು ಆರಿಸಿದ್ದಕ್ಕೆ ಪಟ್ಟ ಪಾಡು ಇನ್ನೂ ಮರೆತಿಲ್ಲ, ಆದರೆ ಮತ್ತೆ ಆರಿಸಬೇಕೆಂದರೂ ಅದನ್ನೇ ಆರಿಸುತ್ತೇನೆ. ಹಸಿರು ಬಗೆಯ ಫೆರಿಕ್ ಅಮೋನಿಯಂ ಸಿಟ್ರೇಟ್ 100 ಮಿಲಿ ನೀರಿಗೆ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 100 ಮಿಲಿಗೆ 10 ಗ್ರಾಂ, ಎರಡನ್ನೂ ಸಮಪಾಲು ಬೆರೆಸುವುದು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ನೀರಿನ ವಿಷಯ. ನಮ್ಮ ಕಾಲೇಜಿನಲ್ಲಿ ಬೋರ್‌ವೆಲ್ ನೀರು. ಬಿಸಿಲಿನಿಂದ ತಂದು ತೊಳೆಯಲು ಇಟ್ಟರೆ ನೀಲಿ ಕಣ್ಣೆದುರೇ ತೆಳುವಾಗುತ್ತಿತ್ತು. ಗಡಸು ನೀರಿನ ಕ್ಷಾರವು ಆ ನೀಲಿಯನ್ನು ತಿನ್ನುತ್ತದೆ ಎಂದು ಯಾರೂ ಹೇಳಿರಲಿಲ್ಲ. ತೊಳೆಯುವ ನೀರಿಗೆ ಸ್ವಲ್ಪ ವಿನಿಗರ್ ಹಾಕಿದ ಮೇಲೆ ಬಣ್ಣ ನಿಂತಿತು. ಅಷ್ಟರಲ್ಲಿ ದಪ್ಪ ಜಲವರ್ಣದ ಕಾಗದ, ಹಾಳೆಗೆ 180 ರೂಪಾಯಿಯಂತೆ, ಕಟ್ಟುಗಟ್ಟಲೆ ಮುಗಿದಿತ್ತು.

ಆಮೇಲೆ ಚೌಕಟ್ಟು. ಚಿತ್ರ ನೂರು ವರ್ಷ ಬಾಳಬೇಕೆಂದರೆ ಆಮ್ಲರಹಿತ ವಿಶೇಷ ಬೋರ್ಡ್ ಹಾಕಿಸಿ ಎಂದು ಅಂಗಡಿಯವರು 600 ರೂಪಾಯಿ ಹೆಚ್ಚು ತೆಗೆದುಕೊಂಡರು. ಅಂಥ ಬೋರ್ಡುಗಳಲ್ಲಿ ಹಲವಕ್ಕೆ ಕ್ಷಾರ ಸೇರಿಸಿರುತ್ತಾರೆ, ಬೇರೆ ಪ್ರಿಂಟ್‌ಗಳಿಗೆ ಅದು ರಕ್ಷಣೆ, ಸಯನೋಟೈಪಿಗೆ ಅದೇ ವೈರಿ. ಬಿಚ್ಚಿಸಿ ಹತ್ತಿಯ ಸಾದಾ ಬೋರ್ಡ್ ಹಾಕಿಸಲು ಮತ್ತೆ 450 ಕೊಟ್ಟೆ. ಪ್ರದರ್ಶನದಲ್ಲಿ ಚಿತ್ರವನ್ನು ಪಶ್ಚಿಮದ ಕಿಟಕಿಯ ಎದುರು ತೂಗುಹಾಕಿದರು. ಮೌಲ್ಯಮಾಪಕರು ಬರುವ ಹೊತ್ತಿಗೆ ನೀಲಿ ಮಂಕಾಗಿತ್ತು. "ಸಾಂದ್ರತೆ ಸಾಲದು" ಎಂದು ಬರೆದು ಹೋದರು. ಬೆಳಕಿನಲ್ಲಿ ಮಂಕಾದ ಸಯನೋಟೈಪನ್ನು ಕತ್ತಲೆಯಲ್ಲಿ ಇಟ್ಟರೆ ನೀಲಿ ಬಹುಮಟ್ಟಿಗೆ ಮರಳುತ್ತದೆ. ಮನೆಗೆ ತಂದು ಕಪಾಟಿನಲ್ಲಿ ಇಟ್ಟೆ, ಮರಳಿತು. ಅಂಕ ಮರಳಲಿಲ್ಲ.

ಮೈಸೂರಿನ ಹಳೆಯ ವಿದ್ಯಾರ್ಥಿ

ಧಾರವಾಡದವರ ಶ್ರಮವನ್ನು ಗೌರವಿಸುತ್ತೇನೆ. ಆದರೆ ಕಾಗದದ ಮೇಲೆ ಎಲೆ ಇಟ್ಟು ಬಿಸಿಲಿಗೆ ಒಡ್ಡುವುದನ್ನು ಛಾಯಾಗ್ರಹಣ ತರಗತಿಯ ಶ್ರೇಷ್ಠ ಕೆಲಸವೆಂದು ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮಸೂರವಿಲ್ಲ, ಆಯ್ದುಕೊಂಡ ಕ್ಷಣವಿಲ್ಲ, ಎದುರಿಗೊಬ್ಬ ಮನುಷ್ಯನಿಲ್ಲ.

ಧಾರವಾಡದಿಂದ

ತಮ್ಮ ಮಾತು ನೋವು ತಂದಿದೆ, ಮಾತ್ರವಲ್ಲ, ಇತಿಹಾಸಕ್ಕೂ ವಿರುದ್ಧವಾಗಿದೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಈ ವಿಧಾನವನ್ನು ಕಂಡುಹಿಡಿದದ್ದು 1842ರಲ್ಲಿ. ಮರುವರ್ಷವೇ ಆನಾ ಆಟ್‌ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಕಡಲಪಾಚಿಗಳನ್ನು ಕಾಗದದ ಮೇಲೆ ಇಟ್ಟು, ಕ್ಯಾಮೆರಾ ಇಲ್ಲದೆಯೇ ನೀಲಿ ಚಿತ್ರಗಳ ಪುಸ್ತಕವನ್ನು ಹೊರತರಲು ಆರಂಭಿಸಿದರು. ಛಾಯಾಚಿತ್ರಗಳುಳ್ಳ ಪುಸ್ತಕಗಳ ಚರಿತ್ರೆ ಅವರಿಂದಲೇ ಮೊದಲಾಗುತ್ತದೆ. ಎಲೆಯನ್ನು ಇಟ್ಟರಾಯಿತು ಎನ್ನುತ್ತೀರಿ. ಎಲೆ ಒಂದು ಕೂದಲೆಳೆಯಷ್ಟು ಮೇಲೆದ್ದರೂ ಅಂಚು ಮಸುಕಾಗುತ್ತದೆ. ಎಳೆಯ ಎಲೆಯಾದರೆ ನರಗಳು ಮೂಡುತ್ತವೆ, ಬಲಿತದ್ದಾದರೆ ಬರಿಯ ಬಿಳಿಯ ಆಕಾರ ಉಳಿಯುತ್ತದೆ. ಇದೆಲ್ಲ ಆಯ್ಕೆಯಲ್ಲವೆ? ಮಂಜುಗಡ್ಡೆ ಕೊಂಡವರಿಗೆ ಮಾತ್ರ ಛಾಯಾಗ್ರಹಣ ಸೇರಿದ್ದಲ್ಲ.

ಉಡುಪಿಯಿಂದ

ರೀಲು, ರಾಸಾಯನಿಕಗಳ ಮಾತೇ ನಡೆಯುತ್ತಿರುವುದರಿಂದ ಡಿಜಿಟಲ್ ಕ್ಯಾಮೆರಾದ ಪರವಾಗಿ ನನ್ನದನ್ನೂ ಹೇಳುತ್ತೇನೆ. ನಾನು ಆರಿಸಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ ತೆಗೆದ ಚಿತ್ರ. ತೆಂಕುತಿಟ್ಟು ಶೈಲಿಯ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು-ಸುಣ್ಣದ ಚಿಟ್ಟಿಯನ್ನು (ಉಬ್ಬಿದ ಚುಕ್ಕೆಗಳನ್ನು) ಒಂದೊಂದಾಗಿ ಮುಖಕ್ಕೆ ಇಡುತ್ತಾರೆ. ಮೂಗಿನ ಒಂದು ಪಕ್ಕ ಮುಗಿದು ಇನ್ನೊಂದು ಪಕ್ಕ ಬರಿದಾಗಿದ್ದಾಗ ಕಲಾವಿದರು ಕನ್ನಡಿಯಿಂದ ಕಣ್ಣೆತ್ತಿ ನೋಡಿದ ಕ್ಷಣ ಅದು. ಅರ್ಧ ಮುಖ ರಾಕ್ಷಸ, ಅರ್ಧ ಮುಖ ದಣಿದ ಹಿರಿಯರು. ರಂಗಸ್ಥಳದ ಕುಣಿತದ ಚಿತ್ರಗಳು ನನ್ನಲ್ಲಿ ಹೇರಳವಾಗಿದ್ದವು, ಬಹುಮಾನ ಬಂದದ್ದೂ ಅವಕ್ಕೇ.

ಚೌಕಿಯಲ್ಲಿದ್ದದ್ದು ಟ್ಯೂಬ್‌ಲೈಟು. ನಮ್ಮ ವಿದ್ಯುತ್ತು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರಿನ ವೇಗವನ್ನು 1/250 ಸೆಕೆಂಡಿಗೆ ಏರಿಸಿದರೆ ಚಿತ್ರದ ಮೇಲೆ ಪಟ್ಟೆಗಳು, 1/100ರಲ್ಲಿ ಪಟ್ಟೆ ಇಲ್ಲ. ಆ ವೇಗದಲ್ಲಿ ಬೆಳಕು ಸಾಲಲೆಂದು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200ಕ್ಕೆ ಹೋದೆ, ಅಪರ್ಚರ್ (ಮಸೂರದ ತೆರಪು) ಎಫ್ 2.8. ನಿಜವಾದ ತೊಂದರೆ ಪ್ರಿಂಟಿನಲ್ಲಿ ಬಂತು. ಹೆಚ್ಚು ಬಣ್ಣ ಹಿಡಿಯುವ ಅಡೋಬ್ ಆರ್‌ಜಿಬಿ ಎಂಬ ಬಣ್ಣದ ಕ್ರಮದಲ್ಲಿ ಕೊಟ್ಟ ಕಡತವನ್ನು ಲ್ಯಾಬಿನವರು ಸಾಮಾನ್ಯ ಕ್ರಮವಾದ ಎಸ್‌ಆರ್‌ಜಿಬಿ ಎಂದೇ ತಿಳಿದು ಅಚ್ಚು ಹಾಕಿದರು. ಮುಖದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. 1,400 ರೂಪಾಯಿಯ ಪ್ರಿಂಟ್ ಹಾಳು. ಮರುಮುದ್ರಣಕ್ಕೆ ಅರ್ಧ ದರ ಎಂದು 700 ಪಡೆದರು. ಹೊಳಪಿನ ಕಾಗದದಲ್ಲಿ ಚಿಟ್ಟಿಯ ಉಬ್ಬು ಕಾಣಲಿಲ್ಲವೆಂದು ಮ್ಯಾಟ್ ಕಾಗದಕ್ಕೆ ಮತ್ತೆ 1,600. ಕಲಾವಿದರಿಗೂ ಒಂದು ಪ್ರತಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, ಎಡಗೆನ್ನೆಯ ಮೂರನೆಯ ಸಾಲು ಸೊಟ್ಟವಾಗಿದೆ ಎಂದರು. ನನ್ನ ಬರಹದಲ್ಲಿ ಆ ಮಾತನ್ನೇ ಮೊದಲ ವಾಕ್ಯವಾಗಿ ಇಟ್ಟೆ.

ಮೈಸೂರಿನವರಿಗೆ ಒಂದು ಪ್ರಶ್ನೆ: ವೀಳ್ಯದೆಲೆಯ ವ್ಯಾಪಾರಿಗೆ ತಾವು ಒಂದು ಪ್ರತಿ ಕೊಟ್ಟಿರಾ? ಗುಂಡಿ ಒತ್ತುವ ಕೆಲಸ ಎಂದು ನಮ್ಮನ್ನು ಹಳಿದಿರಿ, ಅದಕ್ಕೆ ಕೇಳಿದೆ.

ಮೈಸೂರಿನ ಹಳೆಯ ವಿದ್ಯಾರ್ಥಿ

ಹೆಬ್ಬೆರಳಿನ ಚಿತ್ರಕ್ಕೆ ಯಾರ ಗುರುತೂ ಇಲ್ಲ. ಆದರೂ ಅನುಮತಿ ಕೇಳಿಯೇ ತೆಗೆದಿದ್ದೇನೆ, ಪ್ರತಿಯನ್ನೂ ಕೊಟ್ಟಿದ್ದೇನೆ. ಅದು ಅವರ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿದೆ. ಮುಖವನ್ನು ಕತ್ತರಿಸಿ ಬೆರಳು ಮಾಡಿದ್ದೂ ಅಲ್ಲ. ನೆಗೆಟಿವಿನ ಕಪ್ಪು ಅಂಚು ಸಹಿತ ಪ್ರಿಂಟ್ ಮಾಡಿದ್ದೇನೆ. ಕ್ರಾಪ್ ಮಾಡುವುದು, ಅಂದರೆ ಆಮೇಲೆ ಚಿತ್ರದ ಅಂಚು ಕತ್ತರಿಸುವುದು, ತೆಗೆಯುವಾಗ ನೋಡಲಿಲ್ಲ ಎಂದೇ ಅರ್ಥ.

ಮೌಲ್ಯಮಾಪನ ಮಾಡಿದವರೊಬ್ಬರು, ಶಿವಮೊಗ್ಗ

ಕ್ರಾಪ್ ಮಾಡದಿರುವುದೇ ಧರ್ಮ ಎಂಬ ಮಾತನ್ನು ವಿದ್ಯಾರ್ಥಿಗಳು ಕೇಳಿಸಿಕೊಂಡು ಹೆದರುತ್ತಾರೆ, ಆದ್ದರಿಂದ ಹೇಳುತ್ತಿದ್ದೇನೆ. ಕ್ರಾಪ್ ಮಾಡುವುದನ್ನು ಬಲವಾಗಿ ವಿರೋಧಿಸಿದ ಫ್ರಾನ್ಸಿನ ಛಾಯಾಗ್ರಾಹಕ ಹೆನ್ರಿ ಕಾರ್ತಿಯೆ ಬ್ರೆಸಾನರು 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ನಿಲ್ದಾಣದ ಹಿಂದೆ ತೆಗೆದ, ನಿಂತ ನೀರಿನ ಮೇಲೆ ಜಿಗಿಯುವ ಮನುಷ್ಯನ ಜಗತ್ಪ್ರಸಿದ್ಧ ಚಿತ್ರವೇ ಕ್ರಾಪ್ ಆದದ್ದು. ಬೇಲಿಯ ಸಂದಿಯಿಂದ ತೆಗೆದದ್ದರಿಂದ ಒಂದು ಪಕ್ಕವನ್ನು ಬಿಡಬೇಕಾಯಿತು. ಡಿಜಿಟಲಿನಲ್ಲಿ ನೋಡಬೇಕಾದದ್ದು ಲೆಕ್ಕವನ್ನು: 12×18 ಇಂಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕೆಂದರೆ 3600×5400 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅರ್ಧ ಕತ್ತರಿಸಿದರೂ 235 ಡಿಪಿಐ ಹತ್ತಿರ ಉಳಿಯುತ್ತದೆ, ತೋಳಳತೆಯ ದೂರದಿಂದ ನೋಡುವ ಗೋಡೆಯ ಚಿತ್ರಕ್ಕೆ ಅದು ಸಾಕು.

ಬರಹದ ಬಗ್ಗೆಯೂ ಒಂದು ಮಾತು. "ಭಾವನೆಗಳನ್ನು ಸೆರೆಹಿಡಿಯಲು ಪ್ರಯತ್ನಿಸಿದ್ದೇನೆ" ಎಂಬ ವಾಕ್ಯವನ್ನು ಓದಿ ಓದಿ ನನಗೆ ಸಾಕಾಗಿದೆ. ಆ ಚಿತ್ರದ ಹಿಂದೆ ಮುಂದೆ ಏನೇನು ತೆಗೆದಿರಿ ಎಂದು ಕಾಂಟ್ಯಾಕ್ಟ್ ಶೀಟ್ (ತೆಗೆದ ಎಲ್ಲ ಚಿತ್ರಗಳ ಚಿಕ್ಕ ಪ್ರತಿಗಳ ಹಾಳೆ) ಇಟ್ಟು ತೋರಿಸಿದರೆ ನಿಮ್ಮ ಕಣ್ಣು ಹೇಗೆ ಸರಿದು ಬಂತೆಂಬುದು ನಮಗೆ ತಿಳಿಯುತ್ತದೆ. ನನ್ನ ಅತ್ಯಂತ ಒಳ್ಳೆಯ ವಿದ್ಯಾರ್ಥಿಯ ಬರಹದಲ್ಲಿ ವಿಶೇಷಣಗಳೇ ಇರಲಿಲ್ಲ. ತಾನು ಎಲ್ಲಿ ನಿಂತಿದ್ದೆ, ಏಕೆ ಎರಡು ಹೆಜ್ಜೆ ಎಡಕ್ಕೆ ಸರಿದೆ ಎಂಬುದಷ್ಟೇ ಇತ್ತು. ಆಕೆಗೆ ಅತ್ಯಧಿಕ ಅಂಕ ಕೊಡಲು ನಾನು ಸಮಿತಿಯೊಂದಿಗೆ ಜಗಳವಾಡಿದೆ.

ಧಾರವಾಡದಿಂದ

ಮೌಲ್ಯಮಾಪಕರೇ, ತಾವು ಜಗಳವಾಡಿದ್ದಕ್ಕೆ ವಂದನೆ. ನನ್ನ ಪರವಾಗಿ ಜಗಳವಾಡಲು ಯಾರೂ ಇರಲಿಲ್ಲ. ಸಯನೋಟೈಪಿಗೆ ಕಾಂಟ್ಯಾಕ್ಟ್ ಶೀಟ್ ಎಲ್ಲಿಂದ ತರಲಿ? ನೀರಿನಲ್ಲಿ ಬಣ್ಣ ಹೋದ ಹಾಳೆಗಳನ್ನೆಲ್ಲ ನಾನು ಕ್ರಮವಾಗಿ ಜೋಡಿಸಿ ಒಪ್ಪಿಸಿದ್ದೆ. ಅವುಗಳನ್ನು ತೆರೆದೂ ನೋಡಿರಲಿಲ್ಲ. ಕಟ್ಟಿದ ದಾರ ಹಾಗೆಯೇ ಇತ್ತು. ಪ್ರಿಯವಾದದ್ದನ್ನು ಆರಿಸಿ ಎಂದು ಕೇಳಿ, ತಮಗೆ ಪರಿಚಿತವಾದದ್ದಕ್ಕೆ ಅಂಕ ಕೊಡುವುದು ನ್ಯಾಯವಲ್ಲ.

ಮೌಲ್ಯಮಾಪನ ಮಾಡಿದವರೊಬ್ಬರು, ಶಿವಮೊಗ್ಗ

ಒಬ್ಬರು ಮಾಡಿದ್ದಕ್ಕೆ ಎಲ್ಲರನ್ನೂ ದೂರುವುದು ಸರಿಯಲ್ಲ. ಆದರೆ ದಾರ ಬಿಚ್ಚದೆ ಅಂಕ ಹಾಕಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ.

ಕೇಳಿದವರು: ಬೆಂಗಳೂರಿನ ಡಿಪ್ಲೊಮಾ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞಳು. ಆದರೆ ನನ್ನ ಮೂರರ ಬಗ್ಗೆ ಯಾರೂ ಹೇಳಲಿಲ್ಲ. ಅಜ್ಜಿಯ ಚಿತ್ರದಲ್ಲಿ ಶಟರ್ 1/15 ಇತ್ತು; ಕೈ ಅಲುಗಿರುವುದು ದೋಷವೆಂದು ಗೆಳತಿಯರು ಹೇಳುತ್ತಾರೆ. ಹೂವಿನ ಮಾರುಕಟ್ಟೆಯ ಚಿತ್ರವನ್ನು ನಾನೇ ಮತ್ತೆ ಮತ್ತೆ ನೋಡುತ್ತಿಲ್ಲ ಎಂಬುದು ಇದನ್ನೆಲ್ಲ ಓದುವಾಗ ಗಮನಕ್ಕೆ ಬಂತು.

ಉಡುಪಿಯಿಂದ

ಆ ಮೇಲಂತಸ್ತಿನ ಚಿತ್ರ ಬೆಂಗಳೂರಿನ ಪ್ರತಿ ವಿದ್ಯಾರ್ಥಿಯ ಬಳಿಯೂ ಇದೆ, ಬಿಡಿ. ಅವರೆಕಾಳು ಹಿತುಕುವ ಕೈ 1/15ರಲ್ಲಿ ಅಲುಗದೆ ಇರುತ್ತದೆಯೆ? ಮುಖ ನಿಶ್ಚಲ, ಬೆರಳು ಚಲಿಸುತ್ತಿದೆ ಎಂದರೆ ಕೆಲಸ ನಡೆಯುತ್ತಿದೆ ಎಂದು. 1/250ರಲ್ಲಿ ತೆಗೆದಿದ್ದರೆ ಅಜ್ಜಿ ಕಾಳು ಹಿಡಿದು ಕುಳಿತ ಬೊಂಬೆಯಾಗುತ್ತಿದ್ದರು. ಅಜ್ಜಿಯನ್ನು ಕೇಳಿ ಪ್ರದರ್ಶನಕ್ಕೆ ಇಡಿ. ಮ್ಯಾಟ್ ಕಾಗದ, ಎಸ್‌ಆರ್‌ಜಿಬಿ ಕಡತ, ಮೊದಲು 4×6ರಲ್ಲಿ ಒಂದು ಮಾದರಿ ತೆಗೆಸಿ ಕಿಟಕಿಯ ಬಳಿ ಹಿಡಿದು ನೋಡಿ. ಸಾದಾ ಮರದ ಪಟ್ಟಿಯ ಚೌಕಟ್ಟಾದರೆ ನಿಮ್ಮ 3,000ದೊಳಗೆ ಮುಗಿಯುತ್ತದೆ.

ಮೈಸೂರಿನ ಹಳೆಯ ವಿದ್ಯಾರ್ಥಿ

ಅಜ್ಜಿಯ ಚಿತ್ರವೆಂದರೆ ನನ್ನ ಒಪ್ಪಿಗೆಯೂ ಇದೆ. ಆದರೆ ಕಪ್ಪು-ಬಿಳುಪಿನಲ್ಲಿ ಮಾಡಿಸಿ.

ಧಾರವಾಡದಿಂದ

ಬೇಡ. ಹಿತುಕಿದ ಅವರೆಯ ಎಳೆಹಸಿರು ಕಪ್ಪು-ಬಿಳುಪಿನಲ್ಲಿ ಸತ್ತುಹೋಗುತ್ತದೆ, ಸಿಪ್ಪೆಗೂ ಕಾಳಿಗೂ ವ್ಯತ್ಯಾಸ ಉಳಿಯುವುದಿಲ್ಲ. ಹೊಂಗೆಯ ಎಲೆಯ ಮೇಲೆ ಮನಸ್ಸಿದ್ದರೆ ಅದನ್ನೇ ಇಡಿ, ಅಂಕದ ಆಸೆ ಬಿಟ್ಟು ಇಡಿ. ಕಿಟಕಿಯ ಎದುರಿನ ಗೋಡೆ ಕೊಟ್ಟರೆ ಮಾತ್ರ ಒಪ್ಪಿಕೊಳ್ಳಬೇಡಿ, ಒಳಗಿನ ಗೋಡೆಯೇ ಬೇಕೆಂದು ಇಂದೇ ಲಿಖಿತವಾಗಿ ಕೇಳಿ.