ಕಲಬುರಗಿ ಕಡೆ ಹೃದ್ರೋಗ ತಜ್ಞರ ವರಮಾನ ಎಷ್ಟು? ತಿಳಿದವರು ಹೇಳಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬೆಂಗಳೂರಿನಲ್ಲಿ ಡಿಎಂ ಕಾರ್ಡಿಯಾಲಜಿ (ಎಂಡಿ ನಂತರದ ಹೃದ್ರೋಗ ತಜ್ಞರ ಕೋರ್ಸ್) ಕೊನೆಯ ವರ್ಷದಲ್ಲಿದ್ದಾನೆ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ 3, ಈಗ ಡಿಎಂ 3. ಓದಿನಲ್ಲೇ ಮೂವತ್ತು ದಾಟಿತು, ಸಾಲ ಇನ್ನೂ ತೀರಿಲ್ಲ. ಆದರೂ ಊರ ಕಡೆಗೇ ಬರುತ್ತೇನೆ ಎನ್ನುತ್ತಾನೆ.

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಎದೆನೋವು ಬಂದ ರಾತ್ರಿ ಯಾದಗಿರಿಯಿಂದ ಹೈದರಾಬಾದಿಗೆ ಆಂಬುಲೆನ್ಸ್‌ನಲ್ಲಿ ಹೊರಟಿದ್ದೆವು. ಅವ್ವ ಇಸಿಜಿ ಕಾಗದವನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ತಲುಪುವಷ್ಟರಲ್ಲಿ ಅದು ಬೆವರಿಗೆ ತೊಯ್ದು ಮೆತ್ತಗಾಗಿತ್ತು. ಅಪ್ಪ ಉಳಿದರು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವ್ವನೇ.

ಈಗ ವಿಷಯಕ್ಕೆ ಬರುತ್ತೇನೆ. ಖಾಸಗಿ ಆಸ್ಪತ್ರೆಯೊಂದು ಮೊದಲ ಆರು ತಿಂಗಳು ಕನಿಷ್ಠ ಮೊತ್ತದ ಖಾತರಿ, ಆಮೇಲೆ ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂ, ಕಟ್ಟಿದ ನಾಳ ಬಿಡಿಸಿ ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿಗಳ ಲೆಕ್ಕದಲ್ಲಿ ಪಾಲು ಎನ್ನುತ್ತಿದೆ. ಈ ಪಾಲಿನ ಲೆಕ್ಕ ನನಗೆ ಹಿಡಿಸುತ್ತಿಲ್ಲ. ಸ್ಟೆಂಟ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವವನ ತಲೆಯಲ್ಲಿ ಸಾಲದ ಕಂತು ಕುಳಿತಿರಬಾರದು. ನಿಗದಿತ ಸಂಬಳವನ್ನೇ ಕೇಳು ಎಂದಿದ್ದೇನೆ.

ಕಲಬುರಗಿ, ರಾಯಚೂರು, ಬೀದರ್‌ಗಳಲ್ಲಿ ಹೊಸದಾಗಿ ಸೇರುವ ತಜ್ಞರಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ? ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರ ಕೊಡುವ ಚಿಕಿತ್ಸೆಯ ಹಣ ಆಸ್ಪತ್ರೆಗೆ ತಡವಾಗಿ ಬಂದರೆ ವೈದ್ಯರ ಪಾಲೂ ನಿಲ್ಲುತ್ತದೆಯೇ? ನಡುರಾತ್ರಿಯ ತುರ್ತು ಕರೆಗೆ ಪ್ರತ್ಯೇಕ ಸಂಭಾವನೆ ಇದೆಯೇ? ಸರ್ಕಾರಿ ಸಂಸ್ಥೆಗೆ ಸೇರಿದವರೂ ದಯವಿಟ್ಟು ತಿಳಿಸಿ. ಈ ತಿಂಗಳ ಕೊನೆಯೊಳಗೆ ಅವನು ಉತ್ತರ ಕೊಡಬೇಕು.